ಎರಡೇ ಟೈರು ಬದಲಿಸುವುದಾದರೆ ಹೊಸವು ಹಿಂದಿನ ಚಕ್ರಗಳಿಗೆ ಹೋಗಲಿ

ನಿಮ್ಮದು 2019ರ ಸ್ವಿಫ್ಟ್ ವಿಎಕ್ಸ್‌ಐ. ಅದರಲ್ಲಿರುವುದು ಕಾರಿನೊಡನೆ ಬಂದ 165/80 ಆರ್14 ಟೈರುಗಳು, ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ರಿಮ್ಮು 14 ಇಂಚು. ಮುಂದಿನ ಎರಡು ಸವೆದಿವೆ, ಹಿಂದಿನವು ಇನ್ನೂ ಅರ್ಧದಷ್ಟು ಚೆನ್ನಾಗಿವೆ. ಎರಡು ಹೊಸ ಟೈರು ಕೊಂಡು ಮುಂದಕ್ಕೆ ಹಾಕಿಸಿ, ಬೇಕಿದ್ದರೆ ಅಗಲವಾದ 185/70 ಅನ್ನೇ ಹಾಕೋಣ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರುವವರಿಗೆ ಈ ಸಲಹೆ ಸರಿಯೇ ಎಂಬುದು ನಿಮ್ಮ ಪ್ರಶ್ನೆ.

ಎರಡನ್ನೇ ಕೊಳ್ಳಬಹುದು, ಆದರೆ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ, ಈಗ ಹಿಂದಿರುವ ಅರ್ಧ ಸವೆದ ಟೈರುಗಳನ್ನು ಮುಂದಕ್ಕೆ ತರಿಸಿ. ಎಂಜಿನ್ನಿನ ಎಳೆತ, ಸ್ಟಿಯರಿಂಗ್, ಬ್ರೇಕಿನ ಹೆಚ್ಚಿನ ಭಾರ ಎಲ್ಲವೂ ಮುಂದಿನ ಚಕ್ರಗಳ ಮೇಲೇ ಬೀಳುವುದರಿಂದ ಹೊಸ ಟೈರು ಅಲ್ಲಿಯೇ ಇರಬೇಕೆಂದು ತೋರುವುದು ಸಹಜ, ಅನೇಕ ಅಂಗಡಿಗಳಲ್ಲಿ ರೂಢಿಯೂ ಅದೇ. ಆದರೆ ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರು ಹಿಡಿತ ಬಿಟ್ಟರೆ ಕಾರು ತಿರುಗದೆ ನೇರಕ್ಕೆ ಸಾಗುತ್ತದೆ. ಸ್ಟಿಯರಿಂಗ್ ಹಗುರವಾದದ್ದು ಕೈಗೆ ತಿಳಿಯುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನ ಟೈರು ಹಿಡಿತ ಬಿಟ್ಟರೆ ಯಾವ ಮುನ್ಸೂಚನೆಯೂ ಇಲ್ಲದೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ, ಇಡೀ ಕಾರು ಗಿರ್ರನೆ ತಿರುಗುತ್ತದೆ, ಮತ್ತು ಘಾಟಿಯ ಇಳಿಜಾರಿನ ತಿರುವಿನಲ್ಲಿ ಅದನ್ನು ಸರಿಪಡಿಸುವಷ್ಟು ಸಮಯ ನುರಿತ ಚಾಲಕನಿಗೂ ಸಿಗುವುದಿಲ್ಲ. ಮಿಶೆಲಿನ್ ಮುಂತಾದ ಟೈರು ಕಂಪನಿಗಳೂ ಹಿಂದಕ್ಕೇ ಹಾಕಬೇಕೆಂದು ಹೇಳುವುದು ಇದೇ ಕಾರಣದಿಂದ.

185/70 ಬೇಡ. ಅದರ ಒಟ್ಟು ವ್ಯಾಸ ಸುಮಾರು 615 ಮಿ.ಮೀ., ನಿಮ್ಮದರದ್ದು 620. ಆ ಮಟ್ಟಿಗೆ ವ್ಯತ್ಯಾಸ ಅಲ್ಪ. ಆದರೆ ಮುಂದೊಂದು ಅಳತೆ, ಹಿಂದೊಂದು ಅಳತೆ, ಸ್ಟೆಪ್ನಿ ಯಾವುದೋ ಒಂದಕ್ಕೆ ಮಾತ್ರ ಹೊಂದುವಂಥದ್ದು ಎಂಬ ಸ್ಥಿತಿ ಉಂಟಾಗುತ್ತದೆ. ಮೇಲಾಗಿ ಅಗಲವಾದ ಟೈರು ನೀರಿನ ಪದರದ ಮೇಲೆ ಇನ್ನಷ್ಟು ಬೇಗ ತೇಲುವುದರಿಂದ ನಿಮ್ಮ ದಾರಿಗೆ ಅದು ಲಾಭವೇ ಅಲ್ಲ. ಅಳತೆಯ ಪಕ್ಕದಲ್ಲಿರುವ 85ಟಿ ಎಂಬುದನ್ನೂ ಗಮನಿಸಿ: 85 ಎಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ ತಾಳಬಲ್ಲದು; ಹೊಸದು ಇದಕ್ಕಿಂತ ಕಡಿಮೆ ಇರಬಾರದು.

ಕಂಪನಿಯ ಹೆಸರಿಗಿಂತ ನಾನು ಹೆಚ್ಚು ನೋಡುವುದು ತಯಾರಿಕೆಯ ದಿನಾಂಕವನ್ನು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 1819 ಎಂದರೆ 2019ರ ಹದಿನೆಂಟನೆಯ ವಾರ. ಇದು ಹಲವು ಟೈರುಗಳಲ್ಲಿ ಒಂದೇ ಬದಿಗೆ ಇರುತ್ತದೆ, ಆ ಬದಿ ಒಳಮುಖವಾಗಿ ಕೂತರೆ ಮತ್ತೆ ಕಾಣುವುದಿಲ್ಲ. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ನೋಡಿ. ಆರು ತಿಂಗಳೊಳಗಿನದಾದರೆ ಸಂತೋಷ, ವರ್ಷ ದಾಟಿದ್ದಾದರೆ ಬೇರೆ ಕೇಳಿ. ರಿಯಾಯಿತಿಯ ಹೆಸರಿನಲ್ಲಿ ಕೊಡುವ ಟೈರು ಎಷ್ಟೋ ಸಲ ಹಳೆಯ ದಾಸ್ತಾನೇ ಆಗಿರುತ್ತದೆ. ಉಳಿದಂತೆ ಎಂಆರ್‌ಎಫ್, ಅಪೋಲೊ, ಸಿಯೆಟ್, ಮೈಸೂರಿನಲ್ಲಿ ಕಾರ್ಖಾನೆಯುಳ್ಳ ಜೆಕೆ, ಯಾವುದಾದರೂ ಆದೀತು. ಎರಡೂ ಒಂದೇ ಕಂಪನಿಯ ಒಂದೇ ಮಾದರಿಯಾಗಿದ್ದರೆ ಸಾಕು.

ವಯಸ್ಸಿನ ಈ ಲೆಕ್ಕ ನಿಮ್ಮ ಹಳೆಯ ಟೈರುಗಳಿಗೂ ಅನ್ವಯಿಸುತ್ತದೆ, ಜೊತೆಗೆ ಸವೆತವನ್ನೂ ನೋಡಬೇಕು. ಗೀರುಗಳ ತಳದಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ, ಸವೆದಾಗ ಕಾನೂನಿನ ಪ್ರಕಾರ ಟೈರಿನ ಆಯಸ್ಸು ಮುಗಿಯಿತು. ಮಳೆಯ ಘಾಟಿಗೆ ನಾನಂತೂ 3 ಮಿ.ಮೀ. ಇರುವಾಗಲೇ ಬದಲಿಸುತ್ತೇನೆ. ಗೀರು ಉಳಿದಿದ್ದರೂ ಐದು ವರ್ಷ ದಾಟಿದ ರಬ್ಬರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳೋ ಉಬ್ಬೋ ಕಂಡರೆ ನಾಲ್ಕನ್ನೂ ಈಗಲೇ ಬದಲಿಸಿ, ಹಣ ಉಳಿಸುವ ಯೋಚನೆ ಬಿಡಿ. ಒಮ್ಮೆಯೂ ಬಳಸದ ಸ್ಟೆಪ್ನಿಗೂ ಅಷ್ಟೇ ವಯಸ್ಸಾಗಿದೆ.

ಬಿಚ್ಚಿದ ಟೈರುಗಳನ್ನು ಎಕ್ಸ್‌ಚೇಂಜಿಗೆ ಕೊಡುವ ಮೊದಲು ಒಮ್ಮೆ ನೋಡಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಿತ್ತು.

2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ತೆರಿಗೆಗೆ ಮುಂಚೆ 4000 ರೂಪಾಯಿಯ ಟೈರಿಗೆ ಮೊದಲು 5120 ಆಗುತ್ತಿದ್ದುದು ಈಗ 4720. ಬಿಲ್ಲಿನಲ್ಲಿ ತೆರಿಗೆಯ ದರವೂ ಟೈರಿನ ಕ್ರಮಸಂಖ್ಯೆಯೂ ಇರಲಿ, ವಾರಂಟಿ ಕೇಳುವಾಗ ಬೇಕಾಗುತ್ತದೆ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲವನ್ನೂ ಸೇರಿಸಿಯೇ ಬೆಲೆ ಮಾತನಾಡಿ. ಹೊಸ ರಬ್ಬರಿನ ಮೇಲ್ಮೈ ಮೊದಲಿಗೆ ಸ್ವಲ್ಪ ಜಾರುವುದರಿಂದ ಮೊದಲ ಇನ್ನೂರು ಮುನ್ನೂರು ಕಿ.ಮೀ. ಊರಿನ ಆಸುಪಾಸಿನಲ್ಲೇ ನಿಧಾನವಾಗಿ ಓಡಿಸಿ, ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಆಮೇಲೆ ಘಾಟಿಗೆ ಹೊರಡಿ.