ಇಂಟರಪ್ಟ್ ಒಳಗೆ ಇಂಟರಪ್ಟ್ ಬಂದಾಗ ಸ್ಪಿನ್‌ಲಾಕ್ ಸುರಕ್ಷಿತವಾಗಿ ಬಳಸುವುದು ಹೇಗೆ?

ಒಂದೇ ಸ್ಪಿನ್‌ಲಾಕನ್ನು (ಸಿಗುವವರೆಗೆ ಸಿಪಿಯು ಸುತ್ತುತ್ತಾ ಕಾಯುವ ಬೀಗ) ಸಾಮಾನ್ಯ ಕರ್ನಲ್ ಕೋಡೂ ಇಂಟರಪ್ಟ್ ಹ್ಯಾಂಡ್ಲರೂ (ಸಾಧನದ ಕರೆ ಬಂದೊಡನೆ, ನಡೆಯುತ್ತಿದ್ದ ಕೋಡನ್ನು ತಡೆದು ಓಡುವ ಕೋಡ್) ಬಳಸುವುದಾದರೆ, ಮೊದಲು ಆ ಸಿಪಿಯುನಲ್ಲಿ ಇಂಟರಪ್ಟ್ ನಿಲ್ಲಿಸಿ, ಆಮೇಲೆ ಲಾಕ್ ಹಿಡಿಯಿರಿ. ಕ್ರಮ ತಿರುವುಮುರುವಾದರೆ ನಡುವಿನ ಒಂದೆರಡು ಇನ್‌ಸ್ಟ್ರಕ್ಷನ್‌ಗಳ ಅಂತರದಲ್ಲೇ ಹ್ಯಾಂಡ್ಲರ್ ನುಗ್ಗಿ ಅದೇ ಲಾಕ್‌ಗಾಗಿ ಸುತ್ತುತ್ತಾ ಕೂರಬಹುದು. ಲಾಕ್ ಬಿಡಬೇಕಾದ ಕೋಡ್ ಹ್ಯಾಂಡ್ಲರ್ ಮುಗಿಯಲೆಂದು ಕಾಯುತ್ತಿರುತ್ತದೆ. ಆ ಸಿಪಿಯು ಕಥೆ ಅಲ್ಲಿಗೆ ಮುಗಿಯಿತು.

ಹೆಚ್ಚಿನವರು ಎಡವುವುದು ಬಿಡುವಾಗ. ಎ ಲಾಕ್‌ನ ಒಳಗೆ ಬಿ ಹಿಡಿದಿದ್ದೀರಿ. ಬಿ ಬಿಟ್ಟೊಡನೆ ಇಂಟರಪ್ಟ್ ಚಾಲೂ ಮಾಡಿದರೆ, ಎ ಇನ್ನೂ ಕೈಯಲ್ಲಿರುವಾಗಲೇ ಹ್ಯಾಂಡ್ಲರ್ ಬರಬಹುದು. ಆದ್ದರಿಂದ 'ಚಾಲೂ ಮಾಡು' ಅಲ್ಲ, 'ಮೊದಲಿದ್ದ ಸ್ಥಿತಿಗೆ ಮರಳಿಸು' ಎಂಬುದೇ ಸರಿ. ಲಿನಕ್ಸ್‌ನ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಹಳೆಯ ಸ್ಥಿತಿಯನ್ನು ಲೋಕಲ್ ವೇರಿಯಬಲ್‌ನಲ್ಲಿ ಉಳಿಸುತ್ತದೆ (ಗ್ಲೋಬಲ್‌ನಲ್ಲಿಟ್ಟರೆ ಕೆಟ್ಟಿತು!). ಈ ವಿಧಾನದಲ್ಲಿ ಕೊನೆಗೆ ಹಿಡಿದದ್ದನ್ನೇ ಮೊದಲು ಬಿಡಬೇಕು. ಎ ಮೊದಲು ಬಿಟ್ಟರೆ ಅದರ ಹಳೆಯ ಸ್ಥಿತಿ ಮರಳಿ, ಬಿ ಹಿಡಿದಿರುವಾಗಲೇ ಇಂಟರಪ್ಟ್ ತೆರೆದುಕೊಳ್ಳುತ್ತದೆ.

ಎಕ್ಸ್‌ವಿ6 (ಕಲಿಕೆಗೆಂದು ಬರೆದ ಪುಟ್ಟ ಕರ್ನಲ್) ಪ್ರತಿ ಸಿಪಿಯುಗೂ ಇಂಟರಪ್ಟ್ ಎಷ್ಟು ಸಲ ನಿಲ್ಲಿಸಲಾಗಿದೆ ಎಂಬ ಎಣಿಕೆ ಇಟ್ಟು, ಅದು 0 ಆದಾಗ ಮಾತ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ಅಲ್ಲಿ ಬಿಡುವ ಕ್ರಮ ಹೇಗಿದ್ದರೂ ನಡೆಯುತ್ತದೆ. ಹೊಸ ಕರ್ನಲ್ ಬರೆಯುವವರಿಗೆ ಇದೇ ವಾಸಿ.

ಹಿಡಿಯುವ ಕ್ರಮ ಮಾತ್ರ ಎಲ್ಲೆಡೆ ಒಂದೇ ಇರಲಿ: ಇಂಟರಪ್ಟ್ ನಿಲ್ಲಿಸುವುದರಿಂದ ಬೇರೆ ಸಿಪಿಯುಗಳು ನಿಲ್ಲುವುದಿಲ್ಲ, ಒಂದು ಎ ಹಿಡಿದು ಬಿಗೂ ಇನ್ನೊಂದು ಬಿ ಹಿಡಿದು ಎಗೂ ಕಾಯುತ್ತಾ ಎರಡೂ ಸಿಲುಕಬಹುದು.