ಒಂದೇ ಹಿಡಿತಕ್ಕೆ ಎರಡು ನ್ಯಾಯ ಯಾಕೆ?

(ಆಟದ ನಿಯಮ, ತರಬೇತಿ, ತೀರ್ಪುಗಾರಿಕೆ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮಂಡ್ಯದ ನಿವೃತ್ತ ದೈಹಿಕ ಶಿಕ್ಷಕರು, ಕಬಡ್ಡಿ ತೀರ್ಪುಗಾರರು ಉತ್ತರಿಸುತ್ತಾರೆ.)

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಹತ್ತು ವರ್ಷದ ಮೊಮ್ಮಗನಿಗೆ ಅಲ್ಲಿನ ಫುಟ್‌ಬಾಲ್ ಅಂದರೆ ಪ್ರಾಣ. ನಾವು ನೋಡುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೂ ಹಿಡಿದು ಓಡುತ್ತಾರಲ್ಲ, ‘ಫೂಟಿ’ ಅಂತಾರೆ, ಅದು. ಶನಿವಾರ ಮಧ್ಯಾಹ್ನ ಅಲ್ಲಿ ಮ್ಯಾಚ್ ಶುರುವಾಗುವಾಗ ನಮಗಿಲ್ಲಿ ಬೆಳಗ್ಗೆ ಒಂಬತ್ತೂಕಾಲು. ತಿಂಡಿ ತಟ್ಟೆ ಹಿಡಿದುಕೊಂಡು ವಿಡಿಯೋ ಕಾಲ್‌ನಲ್ಲಿ ಅವನ ಜೊತೆ ನಾನೂ ನೋಡುತ್ತೇನೆ. ಆಟ ಸುಮಾರಾಗಿ ಅರ್ಥವಾಗಿದೆ. ಒಂದು ಮಾತ್ರ ಆಗಿಲ್ಲ. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಹಿಡಿದರೆ ಒಂದು ಸಲ ವಿಷಲ್ ಬರುತ್ತದೆ. ಐದು ನಿಮಿಷ ಬಿಟ್ಟು ಹಾಗೇ ಹಿಡಿದರೆ ಬರುವುದಿಲ್ಲ. ಮಗ ಟಿವಿ ಮುಂದೆ ನಿಂತು ಕೂಗಾಡುತ್ತಾನೆ. ಹೋದ ತಿಂಗಳು ಮೊಮ್ಮಗ ಅತ್ತೇಬಿಟ್ಟ. “ಅಜ್ಜಿ, ಅಂಪೈರ್ ಚೀಟಿಂಗ್ ಮಾಡಿದ್ರಾ?” ಅಂದ. ಏನು ಹೇಳಬೇಕೋ ತೋಚಲಿಲ್ಲ. ನೀವೇ ಹೇಳಿ.
– ಒಬ್ಬ ಅಜ್ಜಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ಚೀಟಿಂಗ್ ಅಲ್ಲ ಅಂತ ಹೇಳಿ. ಆದರೆ “ಅಂಪೈರೂ ಮನುಷ್ಯನೇ ಅಲ್ವಾ, ಬಿಡು ಕಂದಾ” ಅಂತ ಮಾತ್ರ ಸಮಾಧಾನ ಮಾಡಬೇಡಿ. ಮಗುವಿನ ಸಂಕಟ ನಿಜವಾದದ್ದು. ನನಗದು ಚೆನ್ನಾಗಿ ಗೊತ್ತು. ನನ್ನ ಮಗಳೂ ಅದೇ ಊರಿನಲ್ಲಿದ್ದಾಳೆ. 2024ರ ಮೇ ತಿಂಗಳಲ್ಲಿ ಹೋಗಿ ಮೂರು ತಿಂಗಳು ಇದ್ದು ಬಂದೆ. ಅಳಿಯ ಎರಡು ಸಲ ಎಂ.ಸಿ.ಜಿ. ಮೈದಾನಕ್ಕೆ ಕರೆದುಕೊಂಡು ಹೋದರು. ಉಳಿದ ಮ್ಯಾಚುಗಳನ್ನೆಲ್ಲ ಟಿವಿಯಲ್ಲಿ ನೋಡಿದೆ. ಎಲ್ಲರೂ ಚೆಂಡು ನೋಡುತ್ತಿದ್ದರು, ನಾನು ಅಂಪೈರನ್ನು ನೋಡುತ್ತಿದ್ದೆ. ಅದು ನನ್ನ ಹಳೇ ಅಭ್ಯಾಸ.

ನೀವು ಹೇಳಿದ ಆ ವಿಷಲ್‌ಗೆ ಅಲ್ಲಿ ‘ಹೋಲ್ಡಿಂಗ್ ದ ಬಾಲ್’ ಅನ್ನುತ್ತಾರೆ. ಚೆಂಡು ಹಿಡಿದವನಿಗೆ ಅದನ್ನು ಒದೆಯಲು, ಇಲ್ಲವೇ ಮುಷ್ಟಿಯಿಂದ ಗುದ್ದಿ ಕಳಿಸಲು ಮೊದಲೇ ಅವಕಾಶ ಸಿಕ್ಕಿತ್ತಾ? ಸಿಕ್ಕಿದ್ದೂ ಕಳಿಸದೆ ಸಿಕ್ಕಿಬಿದ್ದರೆ ಆ ಕ್ಷಣವೇ ಚೆಂಡು ಬಿಡಬೇಕು. ಬಿಡದಿದ್ದರೆ ಅವನನ್ನು ತಬ್ಬಿ ಹಿಡಿದ ಎದುರಾಳಿಗೆ ಫ್ರೀ ಕಿಕ್. ಅವಕಾಶವೇ ಸಿಕ್ಕಿರದಿದ್ದರೆ? ಆಗ ಅವನು ಚೆಂಡು ಬಿಡಲು ‘ನಿಜವಾಗಿ ಪ್ರಯತ್ನ’ ಮಾಡಿದರೆ ಸಾಕು. ಚೆಂಡು ಆಚೆ ಬರದಿದ್ದರೆ ಅಂಪೈರ್ ಅದನ್ನು ಮೇಲಕ್ಕೆಸೆದು ಆಟ ಮತ್ತೆ ಶುರು ಮಾಡುತ್ತಾರೆ. ಇದರ ಜೊತೆಗೆ ಹಿಡಿದದ್ದು ಭುಜದ ಕೆಳಗೇ ತಾನೇ, ಮಂಡಿಯ ಮೇಲೇ ತಾನೇ, ಬೆನ್ನಿಗೆ ತಳ್ಳಲಿಲ್ಲ ತಾನೇ ಅಂತಲೂ ನೋಡಬೇಕು. ಇಷ್ಟೂ ಒಂದು ಉಸಿರಿನಲ್ಲಿ.

‘ಮೊದಲೇ ಅವಕಾಶ’ ಅಂದರೆ ಎಷ್ಟು ಹೊತ್ತು? ಎರಡು ಹೆಜ್ಜೆಯಾ, ಮೂರು ಹೆಜ್ಜೆಯಾ? ‘ನಿಜವಾದ ಪ್ರಯತ್ನ’ ಯಾವುದು, ನಾಟಕ ಯಾವುದು? ಇದಕ್ಕೆ ನೆಲದ ಮೇಲೆ ಗೆರೆ ಇಲ್ಲ. ಗೆರೆ ಇರುವುದು ಅಂಪೈರ್ ತಲೆಯೊಳಗೆ. ಮೈದಾನದಲ್ಲಿ ಎಷ್ಟು ಅಂಪೈರುಗಳಿದ್ದಾರೋ ಅಷ್ಟು ತಲೆ, ಅಷ್ಟು ಗೆರೆ.

ಇದು ನನಗೆ ಅರ್ಥವಾದದ್ದು ಅಲ್ಲಿ ಅಲ್ಲ. ಎಷ್ಟೋ ವರ್ಷದ ಹಿಂದೆ, ಪಾಂಡವಪುರದ ಹತ್ತಿರದ ಒಂದು ಊರಿನಲ್ಲಿ. ಊರಹಬ್ಬದ ಕಬಡ್ಡಿ ಟೂರ್ನಮೆಂಟ್. ರಾತ್ರಿ ಹನ್ನೊಂದೂವರೆ. ಮಣ್ಣಿನ ಅಂಕಣ, ಸುಣ್ಣದ ಗೆರೆ, ನಾಲ್ಕು ಕಂಬಕ್ಕೆ ಕಟ್ಟಿದ ಲೈಟು. ಬೋನಸ್ ಪಾಯಿಂಟ್ ಹೇಗೆ ಅಂತ ನಿಮಗೆ ಗೊತ್ತಿರಬಹುದು. ಎದುರು ಆರು ಜನವಾದರೂ ಇರಬೇಕು. ರೈಡರ್ ಒಂದು ಕಾಲನ್ನು ಬೋನಸ್ ಗೆರೆಯ ಆಚೆ ಊರಬೇಕು, ಆ ಹೊತ್ತಿನಲ್ಲಿ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಮೊದಲನೇ ಹಾಫ್‌ನಲ್ಲಿ ಒಬ್ಬ ಹುಡುಗ ಮೂರು ಸಲ ಬೋನಸ್ ತೆಗೆದ. ನಾನು ಮೂರು ಸಲವೂ ಕೊಟ್ಟೆ. ಎರಡನೇ ಹಾಫ್‌ನಲ್ಲಿ ಅದೇ ಹುಡುಗ, ಅದೇ ಹೆಜ್ಜೆ. ಕೊಡಲಿಲ್ಲ. ಆಮೇಲೆ ಇನ್ನೊಂದು ಸಲ ಹಾಕಿದ, ಆಗಲೂ ಕೊಡಲಿಲ್ಲ. ಅವರ ತಂಡ ಒಂದು ಪಾಯಿಂಟ್‌ನಿಂದ ಸೋತಿತು.

ಆ ಹುಡುಗ ಜಗಳಕ್ಕೆ ಬರಲಿಲ್ಲ. ಎಲ್ಲರೂ ಹೋದ ಮೇಲೆ, ನಾನು ಬೈಕ್ ಹತ್ತಿರ ನಿಂತಿದ್ದಾಗ ಬಂದ. ಮೊಣಕಾಲಿನಿಂದ ಕೆಳಗೆಲ್ಲ ಸುಣ್ಣ, ಮಣ್ಣು. “ಸಾ, ನೀವು ತಪ್ಪು ಕೊಟ್ರಿ ಅಂತ ನಂಗೆ ಬ್ಯಾಸ್ರ ಇಲ್ಲ. ಮೊದ್ಲು ಕೊಟ್ಟುದ್ನ ಆಮೇಲೆ ಯಾಕೆ ಕೊಡ್ನಿಲ್ಲ, ಅಷ್ಟು ಏಳಿ ಸಾ” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಅಂಕಣಕ್ಕೆ ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಬೋನಸ್ ಗೆರೆ ಎರಡು ಕಡೆಯೂ ಅಳಿಸಿಹೋಗಿತ್ತು. ಹಿಮ್ಮಡಿಗೆ ಮೆತ್ತಿದ ಸುಣ್ಣ ಅಂಕಣದ ತುಂಬಾ ಬೆಳ್ಳಗೆ ಹರಡಿತ್ತು. ಎರಡನೇ ಹಾಫ್ ಪೂರ್ತಿ ನಾನು ಗೆರೆ ನೋಡಿ ತೀರ್ಪು ಕೊಟ್ಟಿರಲಿಲ್ಲ. ಗೆರೆ ಇಲ್ಲಿರಬಹುದು ಅಂದುಕೊಂಡು ಕೊಟ್ಟಿದ್ದೆ. ಆ ಹುಡುಗನ ಕ್ಷಮೆ ಕೇಳಿದೆ. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ಆಟಗಾರನಿಗೂ ಪ್ರೇಕ್ಷಕನಿಗೂ ಬಿಗಿ ತೀರ್ಪು ತೊಂದರೆಯಲ್ಲ. ಸಡಿಲ ತೀರ್ಪೂ ತೊಂದರೆಯಲ್ಲ. ಇವತ್ತು ಬಿಗಿ ಅಂದರೆ ಅವರು ಬಿಗಿಗೆ ತಕ್ಕ ಹಾಗೆ ಆಡುತ್ತಾರೆ. ಹೊಟ್ಟೆ ಉರಿಯುವುದು ಒಂದೇ ಮ್ಯಾಚಿನಲ್ಲಿ ಎರಡು ಅಳತೆ ಬಂದಾಗ.

ಆಸ್ಟ್ರೇಲಿಯಾದಲ್ಲಿ ಆ ಗೆರೆಯನ್ನು ಅಳಿಸುವವರು ಮೈದಾನದಲ್ಲಿ ಓಡುವ ಅಂಪೈರುಗಳು ಮಾತ್ರ ಅಲ್ಲ, ಮೇಲೆ ಕುಳಿತವರೂ ಹೌದು. ನಾನು ಹೋದ ಹೊಸದರಲ್ಲಿ ನೋಡಿ ನೋಡಿ ಒಂದು ಲೆಕ್ಕ ಹಿಡಿದಿದ್ದೆ. ಇಷ್ಟು ಹೊತ್ತು ಹಿಡಿದುಕೊಂಡರೆ ವಿಷಲ್, ಇಷ್ಟಾದರೆ ಇಲ್ಲ ಅಂತ. ಮೇ ಕೊನೆಯ ಹೊತ್ತಿಗೆ ಆ ಲೆಕ್ಕವೆಲ್ಲ ಸುಳ್ಳಾಯಿತು. ಕೋಚ್‌ಗಳ, ಅಭಿಮಾನಿಗಳ ಗಲಾಟೆ ಜಾಸ್ತಿಯಾಗಿ, ಸಿಕ್ಕಿಬಿದ್ದ ಆಟಗಾರನಿಗೆ ಕೊಡುವ ಸಮಯ ಕಡಿಮೆ ಮಾಡಿ ಅಂತ ಲೀಗ್ ಆಡಳಿತವೇ ಅಂಪೈರುಗಳಿಗೆ ಸೂಚನೆ ಕೊಟ್ಟಿತು. ಪುಸ್ತಕದ ಸಾಲು ಅದೇ, ಅಳತೆ ಬೇರೆ. ಮಾರ್ಚ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ವರೆಗೆ ನಡೆಯುವ ಸೀಸನ್‌ನ ನಡುಮಧ್ಯದಲ್ಲಿ! ಬದಲಾವಣೆ ಒಳ್ಳೆಯದೇ ಇರಬಹುದು. ಆದರೆ ಏಪ್ರಿಲ್‌ನಲ್ಲಿ ಸೋತ ತಂಡ ಏನು ಮಾಡಬೇಕು? ನನಗೆ ಇದು ಒಪ್ಪಿಗೆಯಾಗಲೇ ಇಲ್ಲ. ಬದಲಾಯಿಸುವುದಿದ್ದರೆ ಸೀಸನ್ ಮುಗಿದ ಮೇಲೆ ಬದಲಾಯಿಸಿ.

ಅಂಪೈರುಗಳ ಕಷ್ಟವನ್ನೂ ಹೇಳಬೇಕು. ನಮ್ಮ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹದಿನಾಲ್ಕು ಆಟಗಾರರು. ಅಷ್ಟರಲ್ಲೇ ನಾನು ಎಡವಿದೆ. ಅಲ್ಲಿ ಮೈದಾನದ ಉದ್ದವೇ 135ರಿಂದ 185 ಮೀಟರ್. ಮೂವತ್ತಾರು ಜನ, ಆಫ್‌ಸೈಡ್ ಇಲ್ಲ, ಎಲ್ಲ ದಿಕ್ಕಿನಿಂದಲೂ ಬಂದು ಬೀಳುತ್ತಾರೆ. ಮೊದಲು ಇಷ್ಟಕ್ಕೂ ಒಬ್ಬರೇ ಫೀಲ್ಡ್ ಅಂಪೈರ್ ಇದ್ದರು. 1976ರಲ್ಲಿ ಇಬ್ಬರಾದರು, 1994ರಲ್ಲಿ ಮೂವರು, 2023ರಿಂದ ನಾಲ್ವರು. ಓಟದ ಭಾರ ಕಡಿಮೆಯಾಯಿತು, ಹತ್ತಿರದಿಂದ ನೋಡಲು ಕಣ್ಣು ಜಾಸ್ತಿಯಾದವು. ಆದರೆ ಮೈದಾನದ ಈ ತುದಿಯ ಅಂಪೈರ್ ಒಂದು ಬಗೆ, ಆ ತುದಿಯವರು ಇನ್ನೊಂದು ಬಗೆ ಆಗುವ ಸಾಧ್ಯತೆಯೂ ಜಾಸ್ತಿಯಾಯಿತು.

ಜನರ ಕೂಗೂ ಸೇರುತ್ತದೆ. ಎಂ.ಸಿ.ಜಿ.ಯಲ್ಲಿ ಯಾರನ್ನಾದರೂ ಹಿಡಿದ ಕೂಡಲೇ ಇಡೀ ಸ್ಟ್ಯಾಂಡು “ಬಾ...ಲ್!” ಅಂತ ಒಂದೇ ಗಂಟಲಲ್ಲಿ ಕೂಗುತ್ತದೆ. ಎದೆ ನಡುಗುತ್ತದೆ. ಇಂಗ್ಲೆಂಡಿನಲ್ಲಿ 40 ಜನ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಮ್ಯಾಚಿನ ವಿಡಿಯೋ ತೋರಿಸಿ ತೀರ್ಪು ಕೇಳಿದ್ದರು. ಕೆಲವರಿಗೆ ಶಬ್ದ ಸಮೇತ, ಉಳಿದವರಿಗೆ ಶಬ್ದ ಇಲ್ಲದೆ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಬ್ದ ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಸುಮಾರು ಶೇ. 15ರಷ್ಟು ಕಡಿಮೆ ಫೌಲ್ ಕೊಟ್ಟಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ. ಕಿವಿಯಲ್ಲಿ ಬಿದ್ದದ್ದು ಕೈಗೆ ಇಳಿಯುತ್ತದೆ.

ಕ್ಯಾಮೆರಾ ಇದ್ದರೆ ಎಲ್ಲ ಸರಿಹೋಗುತ್ತೆ ಅಂತ ನಿಮ್ಮ ಮಗ ಹೇಳಬಹುದು. 2023ರ ಆಗಸ್ಟ್ 19, ಅಡಿಲೇಡ್ ಮತ್ತು ಸಿಡ್ನಿ ನಡುವೆ ಪಂದ್ಯ. ಕೊನೆಯ ಘಳಿಗೆಯಲ್ಲಿ ಅಡಿಲೇಡ್‌ನ ಬೆನ್ ಕೀಸ್ ಒದ್ದ ಚೆಂಡು ಗೋಲು. ಅಂದರೆ ಆರು ಪಾಯಿಂಟ್. ಚೆಂಡು ಕಂಬಕ್ಕೆ ತಾಗಿತು ಅಂತ ಗೋಲ್ ಅಂಪೈರ್ ಒಂದೇ ಪಾಯಿಂಟ್ ಕೊಟ್ಟರು. ವಿಡಿಯೋ ನೋಡುವ ವ್ಯವಸ್ಥೆ 2012ರಿಂದಲೇ ಇತ್ತು, ಅವತ್ತು ನೋಡಲಿಲ್ಲ. ಅಡಿಲೇಡ್ ಒಂದೇ ಪಾಯಿಂಟ್‌ನಿಂದ ಸೋತಿತು. ಮಾರನೇ ದಿನ ಲೀಗ್ ತಪ್ಪೊಪ್ಪಿಕೊಂಡಿತು, ಫಲಿತಾಂಶ ಬದಲಾಗಲಿಲ್ಲ. ಕ್ಯಾಮೆರಾವನ್ನು ಯಾವಾಗ ನೋಡಬೇಕು ಅನ್ನುವುದಕ್ಕೂ ಒಂದೇ ಅಳತೆ ಬೇಕಲ್ವಾ?

ಕ್ರಿಕೆಟ್‌ನ ಎಲ್.ಬಿ.ಡಬ್ಲ್ಯೂ.ನಲ್ಲಿ ‘ಅಂಪೈರ್ಸ್ ಕಾಲ್’ ಇದೆ. ಸ್ಟಂಪ್‌ಗೆ ಸವರಿಕೊಂಡು ಹೋಗುವ ಚೆಂಡಿಗೆ ಮೈದಾನದ ಅಂಪೈರ್ ಮೊದಲು ಹೇಳಿದ್ದೇ ಉಳಿಯುತ್ತದೆ, ಹಾಗಾಗಿ ಒಂದೇ ಥರದ ಚೆಂಡು ಒಮ್ಮೆ ಔಟ್, ಒಮ್ಮೆ ನಾಟೌಟ್. ಬೈಯುತ್ತೇವೆ, ಆದರೂ ಸಹಿಸಿಕೊಳ್ಳುತ್ತೇವೆ. ಯಾಕೆಂದರೆ ಎಷ್ಟು ತಾಗಿದರೆ ಏನು ಅನ್ನುವುದು ಮೊದಲೇ ಗೊತ್ತು, ಪರದೆ ಮೇಲೆ ಎಲ್ಲರಿಗೂ ಕಾಣುತ್ತದೆ. ಫೂಟಿಯಲ್ಲಿ ವಿಷಲ್ ಯಾಕೆ ಬರಲಿಲ್ಲ ಅಂತ ಸ್ಟ್ಯಾಂಡಿನಲ್ಲಿ ಕೂತವರಿಗೆ ಆ ಕ್ಷಣ ಯಾರೂ ಹೇಳುವುದಿಲ್ಲ. ಆಟಗಾರ ಕೈ ಚಾಚಿ “ಏನಿದು?” ಅಂದರೆ 2022ರಿಂದ 50 ಮೀಟರ್ ದಂಡ (ಎದುರಾಳಿಗೆ ಚೆಂಡನ್ನು ಅಷ್ಟು ದೂರ ಮುಂದಕ್ಕೆ ಕೊಡುವುದು) ಬೀಳುವ ಸಾಧ್ಯತೆ ಬೇರೆ. ಅಂಪೈರಿಗೆ ಮರ್ಯಾದೆ ಕೊಡಲೇಬೇಕು, ನಾನು ಅದರ ಪರ. ಆದರೆ ಪ್ರಶ್ನೆಯನ್ನು ನಿಲ್ಲಿಸಿದವರು ಉತ್ತರವನ್ನೂ ಕೊಡಬೇಕು. ನಿಮ್ಮ ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ. ಅಂಥವರ ಕೆಲಸ ನೋಡಿ. ಏನಾಯಿತು, ಯಾವ ನಿಯಮ, ಎಷ್ಟು ದಂಡ ಅಂತ ಹೊರಗೆ ಪ್ರಕಟವಾಗುತ್ತದೆ. ಒಪ್ಪದಿದ್ದರೂ ಓದಿ ತಿಳಿದುಕೊಳ್ಳಬಹುದು.

ಮುಂದಿನ ಶನಿವಾರ ಮೊಮ್ಮಗನ ಜೊತೆ ಇಷ್ಟು ಮಾಡಿ. ಒಂದು ಕ್ವಾರ್ಟರ್ ಪೂರ್ತಿ ಟಿವಿ ಶಬ್ದ ತೆಗೆಯಲು ಹೇಳಿ. ಯಾರಾದರೂ ಸಿಕ್ಕಿಬಿದ್ದ ಕೂಡಲೇ, ಅಂಪೈರ್ ಕೈ ಎತ್ತುವ ಮೊದಲೇ, ನೀವಿಬ್ಬರೂ ಒಂದೊಂದು ಚೀಟಿಯಲ್ಲಿ ‘ಫ್ರೀ ಕಿಕ್’ ಅಥವಾ ‘ಇಲ್ಲ’ ಅಂತ ಬರೆಯಿರಿ. ಕೊನೆಗೆ ಚೀಟಿ ಸೇರಿಸಿ ನೋಡಿ. ಅವನದೂ ನಿಮ್ಮದೂ ಎಷ್ಟು ಕಡೆ ಬೇರೆಯಾಗಿದೆ ಅಂತ ಅವನೇ ಎಣಿಸಲಿ. ನಾನು ಅಳಿಯನ ಜೊತೆ ಮಾಡಿದ್ದೆ. ಅವರು ಅಲ್ಲೇ ಹದಿನಾಲ್ಕು ವರ್ಷದಿಂದ ನೋಡುತ್ತಿರುವವರು, ಆದರೂ ನಮ್ಮಿಬ್ಬರ ಚೀಟಿ ಮೂರಕ್ಕೊಂದು ಹೊಂದಲಿಲ್ಲ.

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಗೇಮ್ಸ್ ಕಬಡ್ಡಿ ಫೈನಲ್‌ನಲ್ಲಿ ಅಷ್ಟೊಂದು ಗಲಾಟೆಯಾಯಿತಲ್ಲ, ತಪ್ಪು ಯಾರದು ಸಾರ್?
– ಒಬ್ಬ ಓದುಗ, ಮದ್ದೂರು

ಉತ್ತರ: ಇದೂ ಮೇಲಿನ ಕಥೆಯೇ. 2023ರ ಅಕ್ಟೋಬರ್ 7, ಭಾರತ–ಇರಾನ್, ಸ್ಕೋರ್ 28–28. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ (ಅಂಕಣದ ಬದಿಯ ಪಟ್ಟಿ, ಎದುರಾಳಿಯನ್ನು ಮುಟ್ಟಿದ ಮೇಲಷ್ಟೇ ಅಲ್ಲಿಗೆ ಹೋಗಬಹುದು) ಕಾಲಿಟ್ಟರು. ಇರಾನ್ ಆಟಗಾರರು ಅವರ ಹಿಂದೆಯೇ ಲಾಬಿಗೆ ನುಗ್ಗಿದರು. ಒಂದು ನಿಯಮದ ಪ್ರಕಾರ ಹಿಂದೆ ಹೋದವರೂ ಔಟ್. ಇನ್ನೊಂದರ ಪ್ರಕಾರ ರೈಡರ್ ಒಬ್ಬರೇ ಔಟ್. ತೀರ್ಪು ಆ ಕಡೆ ಈ ಕಡೆ ಹೊರಳಾಡಿತು, ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಲ್ಲಿ ಗೆದ್ದಿತು. ಚಿನ್ನ ಬಂತು, ಸಂತೋಷ. ಆದರೆ ನಾನು ಇರಾನ್ ಬೆಂಚಿನಲ್ಲಿ ಕೂತಿದ್ದರೂ ಕೂಗಾಡುತ್ತಿದ್ದೆ. ಯಾವ ನಿಯಮ ನಡೆಯುತ್ತದೆ ಅನ್ನುವುದು ಟಾಸ್‌ಗೆ ಮುಂಚೆಯೇ ಎರಡೂ ತಂಡಕ್ಕೆ ಸ್ಪಷ್ಟವಾಗಿ ಗೊತ್ತಿರಬೇಕಿತ್ತು. ಹುಡುಗರ ತಪ್ಪಲ್ಲ, ನಿಯಮ ಕಾಯುವವರ ತಪ್ಪು.

ಪ್ರಶ್ನೆ: ಮೇಷ್ಟ್ರೇ, ನಾನು ಡಿಗ್ರಿ ಓದುತ್ತಿದ್ದೇನೆ. ಕಾಲೇಜು ತಂಡದಲ್ಲಿ ಆಡಿದ್ದೇನೆ ಅಂತ ನಮ್ಮೂರ ಹಬ್ಬದ ಟೂರ್ನಮೆಂಟ್‌ಗೆ ನನ್ನನ್ನೇ ಅಂಪೈರ್ ಮಾಡಿದ್ದಾರೆ. ಎರಡು ತಂಡದಲ್ಲಿ ನೆಂಟರಿದ್ದಾರೆ. ಭಯ ಆಗ್ತಿದೆ.
– ನಾಗಮಂಗಲ ತಾಲ್ಲೂಕಿನ ಯುವಕ

ಉತ್ತರ: ತಮ್ಮಾ, ನೆಂಟರ ವಿಷಯ ಮೊದಲೇ ಕಮಿಟಿಯವರಿಗೆ ಹೇಳಿಬಿಡು. ಆ ಎರಡು ತಂಡದ ಮ್ಯಾಚಿಗೆ ಬೇರೆಯವರನ್ನು ನಿಲ್ಲಿಸಲಿ.

ಪ್ರತಿ ಮ್ಯಾಚಿಗೂ ಮುಂಚೆ ಇಬ್ಬರು ಕ್ಯಾಪ್ಟನ್‌ಗಳನ್ನೂ ಬೋನಸ್ ಗೆರೆ ಹತ್ತಿರ ಕರೆದುಕೊಂಡು ಹೋಗು. ಬಾಯಲ್ಲಿ ಹೇಳಿದರೆ ಸಾಲದು, ನೀನೇ ಕಾಲಿಟ್ಟು ತೋರಿಸು. ಹೀಗಿದ್ದರೆ ಕೊಡ್ತೀನಿ, ಹಿಂದಿನ ಬೆರಳು ನೆಲಕ್ಕೆ ತಾಗಿದ್ದರೆ ಕೊಡಲ್ಲ ಅಂತ. ಲಾಬಿ ನಿಯಮ ಯಾವುದು ಅಂತಲೂ ಆಗಲೇ ಹೇಳು. ನಿನ್ನ ಜೊತೆಗಿರುವ ಇನ್ನೊಬ್ಬ ಅಂಪೈರ್, ರೆಫರಿ ಇಬ್ಬರೂ ಅಲ್ಲೇ ನಿಂತು ಅದನ್ನೇ ನೋಡಲಿ. ಮೊದಲ ರೈಡಿನಲ್ಲಿ ಕೊಡದ್ದನ್ನು ಕೊನೆಯ ರೈಡಿನಲ್ಲಿ ಕೊಡಬೇಡ, ಜನ ಎಷ್ಟೇ ಕೂಗಲಿ.

ಹಾಫ್ ಟೈಮ್ ಐದೇ ನಿಮಿಷ. ಆಗ ನೀರು ಕುಡಿಯುತ್ತಾ ನಿಲ್ಲಬೇಡ. ಇಬ್ಬರು ಹುಡುಗರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡು ಬೋನಸ್ ಗೆರೆ, ಬಾಕ್ ಗೆರೆ (ರೈಡರ್ ದಾಟಬೇಕಾದ ಗೆರೆ) ಎರಡನ್ನೂ ದಾರ ಹಿಡಿದು ಮತ್ತೆ ಎಳೆಸು. ಸುಣ್ಣ ಒಂದು ಚೀಲ ಜಾಸ್ತಿ ತರಿಸಿಟ್ಟುಕೋ.