ಸೇಡಂ ಕಡೆಯ ಗಾಳಿಯ ಬಗ್ಗೆ ಕೇಳಿದವರಿಗೆ

ಜನವಸತಿ ವಿರಳವಾಗಿರುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ಗಾಳಿ ಶುದ್ಧವಾಗಿಯೇ ಇರಬೇಕಲ್ಲವೇ ಎಂದು, ಆಸ್ತಮಾ ಇರುವ ತಂದೆಯವರೊಂದಿಗೆ ಇತ್ತ ನೆಲೆಸಲು ಬರುತ್ತಿರುವ ತಾವು ಕೇಳಿದ್ದೀರಿ. ಊರು ಯಾವುದು, ತಿಂಗಳು ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ.

ಇಲ್ಲಿನ ನೆಲದಡಿ ಸುಣ್ಣದಕಲ್ಲಿದೆ. ಅದರಿಂದಲೇ ವಾಡಿ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದವು, ಶಹಾಬಾದಿನ ಫರ್ಸಿಗೆ (ನೆಲಕ್ಕೆ ಹಾಸುವ ಕಲ್ಲಿಗೆ) ಹೆಸರು ಬಂತು; ಗಡಿಯಾಚೆ ತೆಲಂಗಾಣದ ತಾಂಡೂರಿನಲ್ಲೂ ಇದೇ ಕಲ್ಲು, ಇದೇ ಕಸುಬು. ಎಲ್ಲರೂ ದೂರುವುದು ಕಾರ್ಖಾನೆಯ ಚಿಮಣಿಯನ್ನು. ರಸ್ತೆಯನ್ನೂ ಅಷ್ಟೇ ದೂರಬೇಕೆಂಬುದು ನನ್ನ ಅಭಿಪ್ರಾಯ. ಲಾರಿಯಿಂದ ಉದುರಿದ ಕಲ್ಲಿನ ಪುಡಿ ಮುಂದಿನ ಲಾರಿಯ ಗಾಲಿಗೆ ಸಿಕ್ಕಿ ಇನ್ನಷ್ಟು ಸಣ್ಣದಾಗಿ ದಿನವಿಡೀ ಏಳುತ್ತಿರುತ್ತದೆ, ಫರ್ಸಿ ಪಾಲಿಶ್ ಮಾಡುವಾಗ ಹರಿದ ಕೆಸರೂ ಒಣಗಿದ ಮೇಲೆ ಅದರ ಜೊತೆ ಸೇರುತ್ತದೆ. ಮನೆ ನೋಡಲು ಹೋದಾಗ ರಸ್ತೆಯಂಚಿನ ಬೇವಿನ ಎಲೆಗಳು ಬೆಳ್ಳಗಾಗಿದ್ದರೆ ಬೇರೆ ಓಣಿ ಹುಡುಕುವುದು ಒಳ್ಳೆಯದು.

ಗಣಿಯಿಲ್ಲದ ಹಳ್ಳಿಗಳಲ್ಲಿ ಕಷ್ಟದ ಕಾಲವೆಂದರೆ ಡಿಸೆಂಬರ್ ಮತ್ತು ಜನವರಿ. ಆಗ ತೊಗರಿ ರಾಶಿ ನಡೆಯುತ್ತದೆ. ಮಷೀನಿನಿಂದ ಹಾರುವ ಹೊಟ್ಟಿನ ಧೂಳು ಆಸ್ತಮಾ ಇದ್ದವರಿಗೆ ಕೂಡಲೇ ತಾಗುತ್ತದೆ. ಹತ್ತಿ ಕಟ್ಟಿಗೆಯನ್ನು ಹೊಲದಲ್ಲೇ ಸುಡುವವರೂ ಇದ್ದಾರೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ತಣ್ಣನೆಯ ಗಾಳಿ ಮೇಲೇಳದೆ ಉಳಿಯುವುದರಿಂದ, ಆ ಹೊಗೆ ಬೆಳಗಿನ ಬಿಸಿಲು ಏರುವವರೆಗೂ ಊರ ಮೇಲೆಯೇ ನಿಂತಿರುತ್ತದೆ. ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ. ಗ್ಯಾಸ್ ಇರುವ ಮನೆಗಳಲ್ಲೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆಯೇ ಬೇಕು.

ಮೊಬೈಲಿನಲ್ಲಿ ಕಾಣುವ ಅಂಕಿಯನ್ನು ನಂಬುವ ಮುನ್ನ ಅದು ಯಾವ ಊರಿನ ಮಾಪಕದ್ದೆಂದು ನೋಡಿ. ಕಲಬುರಗಿ ನಗರದ ಅಂಕಿ ಗಣಿಯ ಪಕ್ಕದ ಹಳ್ಳಿಗೆ ಅನ್ವಯಿಸುವುದಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕಲಬುರಗಿಯೂ ಸೇರಿದೆ, ಆದರೆ ಅದು ನಗರಗಳಿಗಾಗಿ ರೂಪಿಸಿದ ಕಾರ್ಯಕ್ರಮ. ಅಲ್ಲದೆ, ನಮ್ಮ ದೇಶದ ಗಾಳಿ ಗುಣಮಟ್ಟ ಸೂಚ್ಯಂಕದಲ್ಲಿ ಪಿಎಂ 2.5 ಕಣಗಳು (ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣ ಕಣಗಳು) ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮುಟ್ಟುವವರೆಗೂ ಗಾಳಿ ‘ತೃಪ್ತಿಕರ’ವೇ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ತಮ್ಮ ತಂದೆಯವರಿಗೆ ಎರಡನೆಯದೇ ಅಳತೆಯಾಗಲಿ.

ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಧೂಳೂ ಅಡಗಿರುತ್ತದೆ. ಆಗಸ್ಟಿನಲ್ಲಿ ಬಂದವರಿಗೆ ಈ ಸೀಮೆಯಂಥ ಸೀಮೆಯಿಲ್ಲ ಎನಿಸುತ್ತದೆ. ಚಳಿಗಾಲದಲ್ಲಿ ಬಹುಮಟ್ಟಿಗೆ ಪೂರ್ವದ ಗಾಳಿಯಿರುವುದರಿಂದ ಗಣಿ, ಕಾರ್ಖಾನೆಗಳ ಪಶ್ಚಿಮಕ್ಕಿರುವ ಊರುಗಳನ್ನು ಬಿಡಿ. ಮನೆಯ ಮುಂಗಡ ಕೊಡುವ ಮೊದಲು ಜನವರಿಯಲ್ಲೊಮ್ಮೆ ತಂದೆಯವರನ್ನು ಕರೆತಂದು ಎರಡು ರಾತ್ರಿ ಉಳಿಸಿಕೊಂಡು ನೋಡಿ.